ತಂತಿಯೊಳಗೊಂದು ಕಂಡೆನ್ಸರ್



ಕಾರ್ಯಕ್ರಮದ ಆರಂಭದಲ್ಲಿ ನಾನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ ವಸ್ತು ನಿಮ್ಮಲ್ಲಿ ಹಲವರಿಗೆ ಸರಿಯಾಗಿ ಕಂಡಿರಲಿಕ್ಕಿಲ್ಲ. ಗಾತ್ರದಲ್ಲಿ ಹುಣಸೆ ಬೀಜದಷ್ಟು, ಹಸಿರು ಬಣ್ಣ, ಎರಡು ಸಣ್ಣ ಕಾಲು, ಮೈಮೇಲೆ 333 ಎಂಬ ಅಂಕಿ. ಪಠ್ಯಪುಸ್ತಕ ಇದನ್ನು ಧಾರಕ ಎನ್ನುತ್ತದೆ. ರೇಡಿಯೊ ರಿಪೇರಿ ಮಾಡುವವರೂ ಅಡಿಕೆ ತೋಟದ ಪಂಪ್‌ಸೆಟ್ ನೋಡಿಕೊಳ್ಳುವವರೂ ಕಂಡೆನ್ಸರ್ ಎನ್ನುತ್ತಾರೆ. ನಾನು ಅಂಗಡಿಯಲ್ಲಿ ಕಲಿತ ಹೆಸರನ್ನೇ ಬಳಸುತ್ತೇನೆ. ಮನೆಯ ಟೇಪ್‌ರೆಕಾರ್ಡರಿನಿಂದ ಆಂಪ್ಲಿಫೈಯರಿಗೆ ಹೋಗುವ ತಂತಿಯನ್ನು ನಡುವೆ ಕತ್ತರಿಸಿ ಇದನ್ನು ಕೂರಿಸಿದರೆ ಏನಾಗುತ್ತದೆ ಎಂಬುದು ಇಂದಿನ ವಿಷಯ. ಇದರಿಂದ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನೂ ಹೇಳುತ್ತೇನೆ.

1998. ಸಾಗರದಲ್ಲಿ ನಾನು ಎರಡನೆಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದೆ. ಮನೆಯಲ್ಲಿ ಒಂದು ಕ್ಯಾಸೆಟ್ ಡೆಕ್, ಪೇಟೆಯ ರೇಡಿಯೊ ಅಂಗಡಿಯವರು ಜೋಡಿಸಿ ಕೊಟ್ಟ ಒಂದು ಆಂಪ್ಲಿಫೈಯರ್, ಮಾವಿನ ಹಲಗೆಯ ಎರಡು ಸ್ಪೀಕರ್ ಪೆಟ್ಟಿಗೆ ಇದ್ದವು. ಇವೆಲ್ಲ ಇದ್ದದ್ದು ಮರದ ಹಲಗೆ ಹಾಸಿದ ಉಪ್ಪರಿಗೆಯಲ್ಲಿ. ಹಾಡು ಹಾಕಿದರೆ ಹಲಗೆಯೂ ಕೂಡಿಕೊಂಡು ಗುಮ್ಮೆನ್ನುತ್ತಿತ್ತು. ಹಾಡು ನಿಲ್ಲಿಸಿದರೆ ಗುಂಯ್ ಎಂಬ ಒಂದೇ ಸಮನೆಯ ಸದ್ದು ಉಳಿಯುತ್ತಿತ್ತು. ಅಂಗಡಿಯವರಿಗೆ ಹೇಳಿದೆ. ಅವರು ತಲೆಯೆತ್ತದೆಯೇ, "ತಂತಿಯಲ್ಲೊಂದು ಕಂಡೆನ್ಸರ್ ಕೂರಿಸು ತಮ್ಮಾ, ದಪ್ಪ ಸದ್ದು ಅಲ್ಲೇ ನಿಲ್ಲುತ್ತೆ" ಎಂದರು.

ದಪ್ಪ ಸದ್ದು ಮಾತ್ರ ಏಕೆ ನಿಲ್ಲಬೇಕು? ಕಂಡೆನ್ಸರಿನೊಳಗೆ ಇರುವುದು ಎರಡು ಲೋಹದ ಹಾಳೆ, ನಡುವೆ ವಿದ್ಯುತ್ತು ಹಾಯದ ಒಂದು ತೆಳು ಪದರ. ಅಂದರೆ ದಾರಿ ಮುಚ್ಚಿದೆ. ಆದರೂ ಸಂಗೀತ ಆಚೆಗೆ ಹೋಗುತ್ತದೆ. ಇದನ್ನು ತಿಳಿಯಲು ತೋಟಕ್ಕೆ ನೀರು ಹಾಯಿಸುವ ಪೈಪನ್ನು ನೆನೆಯಿರಿ. ಪೈಪಿನ ನಡುವೆ ಸೈಕಲ್ ಟ್ಯೂಬಿನ ರಬ್ಬರನ್ನು ಬಿಗಿಯಾಗಿ ಅಡ್ಡ ಕಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಒಂದೇ ದಿಕ್ಕಿನಲ್ಲಿ ನೀರನ್ನು ಒತ್ತಿದರೆ ರಬ್ಬರು ಉಬ್ಬುತ್ತದೆ, ಆಮೇಲೆ ನೀರು ನಿಂತೇ ಹೋಗುತ್ತದೆ. ಇದು ನೇರ ವಿದ್ಯುತ್ತಿನ ಪಾಡು. ಹಾಗಲ್ಲದೆ ನೀರನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿದರೆ ರಬ್ಬರೂ ಹಿಂದೆ ಮುಂದೆ ಆಡುತ್ತದೆ, ಆಚೆ ಬದಿಯ ನೀರೂ ಅಲುಗುತ್ತದೆ. ಒಂದು ಹನಿಯೂ ದಾಟಲಿಲ್ಲ, ಅಲುಗಾಟ ಮಾತ್ರ ದಾಟಿತು. ನಿಧಾನವಾಗಿ ಅಲುಗಿಸಿದರೆ ಪ್ರತಿ ಸಲವೂ ರಬ್ಬರು ತುಂಬ ಉಬ್ಬಿ ಎದುರು ಒತ್ತುತ್ತದೆ. ಬೇಗಬೇಗ ಅಲುಗಿಸಿದರೆ ಅದಕ್ಕೆ ಉಬ್ಬಲು ಸಮಯವೇ ಸಿಗುವುದಿಲ್ಲ, ಆದ್ದರಿಂದ ತಡೆಯುವುದೂ ಕಡಿಮೆ. ಕಂಡೆನ್ಸರಿನಲ್ಲಿಯೂ ಇದೇ. ಸೆಕೆಂಡಿಗೆ ಕೆಲವೇ ಸಲ ಕಂಪಿಸುವ ದಪ್ಪ ನಾದಕ್ಕೆ ತಡೆ ಹೆಚ್ಚು, ಸಾವಿರಾರು ಸಲ ಕಂಪಿಸುವ ಸಣ್ಣ ನಾದಕ್ಕೆ ಕಡಿಮೆ.

ಎಷ್ಟು ತಡೆ ಎಂಬುದಕ್ಕೆ ಒಂದು ಸೂತ್ರವಿದೆ. ಹೆದರಬೇಡಿ, ಒಂದೇ ಇದೆ. ಕಂಡೆನ್ಸರಿನ ಬೆಲೆಯನ್ನು ಫ್ಯಾರಡ್‌ನಲ್ಲಿ, ಅದರ ಮುಂದಿರುವ ಆಂಪ್ಲಿಫೈಯರಿನ ರೋಧವನ್ನು ಓಮ್‌ನಲ್ಲಿ ತೆಗೆದುಕೊಳ್ಳಿ. ಎರಡನ್ನೂ ಗುಣಿಸಿ, ಅದನ್ನು 6.28ರಿಂದ ಗುಣಿಸಿ, ಬಂದದ್ದರಿಂದ 1ನ್ನು ಭಾಗಿಸಿ. ಸಿಗುವ ಸಂಖ್ಯೆಯೇ ಅಂಚಿನ ಆವೃತ್ತಿ. ಅಂಚಿನಲ್ಲಿ ನಾದದ ವೋಲ್ಟೇಜು ನೂರಕ್ಕೆ ಸುಮಾರು 71ಕ್ಕೆ ಇಳಿದಿರುತ್ತದೆ. ಅದರ ಅರ್ಧ ಆವೃತ್ತಿಗೆ ಹೋದರೆ ನೂರಕ್ಕೆ 45, ಇನ್ನೂ ಕೆಳಗೆ ಹೋದಂತೆ ಆವೃತ್ತಿ ಅರ್ಧವಾದ ಹಾಗೆಲ್ಲ ವೋಲ್ಟೇಜೂ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ. ಗಮನಿಸಿ, ಇದು ಕತ್ತಿಯ ಏಟಲ್ಲ, ಗುಡ್ಡದ ಇಳಿಜಾರು. ಅಂಚಿನ ಆಚೆಯದೆಲ್ಲ ಸತ್ತು ಈಚೆಯದೆಲ್ಲ ಬದುಕುವುದಿಲ್ಲ.

333 ಎಂದರೆ 33ರ ಮುಂದೆ ಮೂರು ಸೊನ್ನೆ, ಅಷ್ಟು ಪಿಕೊಫ್ಯಾರಡ್. ಅಂದರೆ 0.033 ಮೈಕ್ರೊಫ್ಯಾರಡ್. ನಮ್ಮ ಮನೆಯ ಆಂಪ್ಲಿಫೈಯರಿನ ರೋಧ 47 ಸಾವಿರ ಓಮ್. ಲೆಕ್ಕ ಮಾಡಿದರೆ ಅಂಚು 103 ಹರ್ಟ್ಸ್ ಆಸುಪಾಸಿಗೆ ಬರುತ್ತದೆ. ತಂತಿಯ ತುದಿಯ ಆರ್‌ಸಿಎ ಪಿನ್ ಬಿಚ್ಚಿ, ನಡುವಿನ ತಂತಿಗೆ ಮಾತ್ರ ಕಂಡೆನ್ಸರ್ ಬೆಸುಗೆ ಹಾಕಿ, ಸುತ್ತಲಿನ ಜಾಲರಿ ತಂತಿಯನ್ನು ಹಾಗೆಯೇ ಬಿಟ್ಟೆ. ಇದನ್ನು ಸಾಲಿನಲ್ಲಿ ಜೋಡಿಸಬೇಕು. ಅಕಸ್ಮಾತ್ ನಡುವಿನ ತಂತಿಗೂ ಜಾಲರಿಗೂ ಅಡ್ಡವಾಗಿ ಹಾಕಿದರೆ ಪರಿಣಾಮ ತಲೆಕೆಳಗು, ಸಣ್ಣ ನಾದವೇ ಸೋರಿ ಹೋಗುತ್ತದೆ. ತಮಾಷೆಯೆಂದರೆ ತಂತಿ ತಾನೇ ಇಂಥ ಒಂದು ಅಡ್ಡ ಕಂಡೆನ್ಸರ್. ಜಾಲರಿಯಿರುವ ತಂತಿಯಲ್ಲಿ ಸಾಮಾನ್ಯವಾಗಿ ಮೀಟರಿಗೆ ನೂರು ಪಿಕೊಫ್ಯಾರಡ್ ಆಸುಪಾಸು ಇರುತ್ತದೆ. ಬಹಳ ಉದ್ದ ಎಳೆದರೆ ತಾಳದ ಝಣತ್ಕಾರ ಮಂಕಾಗುವುದಕ್ಕೆ ಇದೂ ಒಂದು ಕಾರಣ.

ಉಪ್ಪರಿಗೆಯ ಗುಮ್ಮು ಇಳಿಯಿತು. ಗುಂಯ್ ಎಂಬುದು ಪೂರ್ತಿ ಹೋಗಲಿಲ್ಲ, ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಯಿತು. ಅಷ್ಟಕ್ಕೇ ನಾನು ದೊಡ್ಡ ವಿಜ್ಞಾನಿಯಾಗಿಬಿಟ್ಟಿದ್ದೆ.

ಈ ಗುಂಯ್ ಎಲ್ಲಿಂದ ಬರುತ್ತದೆ ಎಂಬುದನ್ನು ನಮ್ಮ ಕಡೆಯ ಹುಡುಗರು ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಶರಾವತಿಯ ನೀರಿನಡಿ ಹೋದವು. ಹೊಸನಗರ ತಾಲ್ಲೂಕಿನ ಮಾಣಿ ಅಣೆಕಟ್ಟಿನ ನೀರು ವಾರಾಹಿಯ ಭೂಗರ್ಭ ವಿದ್ಯುದಾಗಾರಕ್ಕೆ ಇಳಿಯುತ್ತದೆ. ನೀರು ತಿರುಗಿಸುವ ಯಂತ್ರ ನಿಮಿಷಕ್ಕೆ 300 ಸುತ್ತು ಹಾಕುವುದಾದರೆ, ಅದರಲ್ಲಿ 20 ಕಾಂತಧ್ರುವಗಳಿದ್ದರೆ, ಸೆಕೆಂಡಿಗೆ 50 ಆವರ್ತನೆಯ ಪರ್ಯಾಯ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವುದು ಇದೇ. ಅದರ ಸುತ್ತಲ ಕಾಂತಕ್ಷೇತ್ರ ಪಕ್ಕದ ಧ್ವನಿ ತಂತಿಗೆ ಸೋಂಕುತ್ತದೆ. ಎರಡು ಪೆಟ್ಟಿಗೆಗಳಿಗೆ ಎರಡು ಬೇರೆ ಕಡೆ ಭೂಸಂಪರ್ಕ ಕೊಟ್ಟಿದ್ದರೆ ಅವುಗಳ ನಡುವೆ ಒಂದು ಸುತ್ತುದಾರಿ ಏರ್ಪಟ್ಟು ಇನ್ನಷ್ಟು ಸೇರುತ್ತದೆ. 50ರ ಜೊತೆಗೆ 100, 150 ಹರ್ಟ್ಸ್ ನಾದಗಳೂ ಬರುತ್ತವೆ. ಸರಿಯಾದ ಚಿಕಿತ್ಸೆಯೆಂದರೆ ಧ್ವನಿ ತಂತಿಯನ್ನು ಕರೆಂಟಿನ ವಯರಿನಿಂದ ದೂರ ಎಳೆಯುವುದು, ಜಾಲರಿಯಿರುವ ಒಳ್ಳೆಯ ತಂತಿ ಬಳಸುವುದು, ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಪ್ಲಗ್ಗಿನ ಸಾಲಿನಿಂದ ನಡೆಸುವುದು. ಕಂಡೆನ್ಸರ್ ಹಾಕುವುದು ಜ್ವರಕ್ಕೆ ಒದ್ದೆ ಬಟ್ಟೆ ಇಟ್ಟಂತೆ. ಇದು ನನಗೆ ಆಗ ಗೊತ್ತಿರಲಿಲ್ಲ.

ಅದೇ ವರ್ಷ ಮಳೆಗಾಲ. ಬಯಲಾಟಗಳು ನಿಂತು ಮನೆ ಜಗಲಿಗಳಲ್ಲಿ ತಾಳಮದ್ದಳೆ ಕೂರುವ ಕಾಲ. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಕೃಷ್ಣಸಂಧಾನ ಪ್ರಸಂಗ ಇತ್ತು. ಹಾಡುವ ಭಾಗವತರು, ಅರ್ಥ ಹೇಳುವ ನಾಲ್ವರು, ಚಂಡೆಗೊಬ್ಬರು, ಮದ್ದಳೆಗೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಅವರು ಮುಳುಗಡೆಯಲ್ಲಿ ಊರು ಬಿಟ್ಟು ಬಂದವರು, ಮದ್ದಳೆಯನ್ನು ಹೆಗಲಿಗೆ ಹಾಕಿಕೊಂಡೇ ಬಂದೆ ಎಂದು ಹೇಳುತ್ತಿದ್ದರು. ನಾವೆಲ್ಲ ಅವರನ್ನು ಅಜ್ಜ ಎನ್ನುತ್ತಿದ್ದೆವು. ಧ್ವನಿಮುದ್ರಣ ನನ್ನ ಪಾಲಿಗೆ ಬಂತು. ಮೈಕಿನ ಆಂಪ್ಲಿಫೈಯರಿನಿಂದ ನೆಂಟರೊಬ್ಬರ ಟೇಪ್‌ರೆಕಾರ್ಡರಿಗೆ ತಂತಿ ಹಾಕಿದೆ. ಕರೆಂಟಿನ ವಯರು, ಟ್ಯೂಬ್‌ಲೈಟಿನ ವಯರು, ಧ್ವನಿಯ ವಯರು ಎಲ್ಲವೂ ಒಂದೇ ಅಡಿಕೆ ಕಂಬವನ್ನು ಸುತ್ತಿಕೊಂಡು ಬಂದಿದ್ದವು. ಗುಂಯ್ ಎಂದರೆ ಅಂಥ ಗುಂಯ್! ಚೀಲದಿಂದ ನನ್ನ ಕಂಡೆನ್ಸರ್ ತಂತಿ ತೆಗೆದು ಸಿಕ್ಕಿಸಿದೆ. ಗುಂಯ್ ಮಾಯವಾಯಿತು. ಮನೆಯಲ್ಲಿ ಅರ್ಧ ಹೋದದ್ದು ಇಲ್ಲಿ ಪೂರ್ತಿ ಹೋಯಿತಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹಿಗ್ಗಿದೆ.

ಬೆಳಗ್ಗೆ ಅವಲಕ್ಕಿ ತಿನ್ನುತ್ತ ಎಲ್ಲರೂ ಟೇಪು ಕೇಳಿದರು. ಅರ್ಥಧಾರಿಗಳ ಮಾತು ಒಂದೊಂದೂ ಸ್ಫುಟ. ಹುಡುಗ ಪರವಾಗಿಲ್ಲ ಎಂದರು. ಅಜ್ಜ ಮಾತ್ರ ಕಿವಿಯನ್ನು ಸ್ಪೀಕರಿನ ಹತ್ತಿರ ತಂದು ಸ್ವಲ್ಪ ಹೊತ್ತು ಕೇಳಿ, "ಎಲ್ಲ ಚಂದ ಬಂದಿದೆ. ನನ್ನ ಎಡಗೈ ಎಲ್ಲಿ ಹೋಯ್ತು ಮಾರಾಯಾ?" ಎಂದರು. ಎಲ್ಲರೂ ನಕ್ಕರು. ಅವರೂ ನಕ್ಕರು. ಟೇಪು ಅಗ್ಗದ್ದು ಅಜ್ಜಾ ಎಂದೆ.

ಟೇಪಿನದ್ದಲ್ಲ, ನನ್ನದು ತಪ್ಪು. ಸೂತ್ರವನ್ನು ಇನ್ನೊಮ್ಮೆ ನೋಡಿ. ಅಂಚನ್ನು ನಿರ್ಧರಿಸುವುದು ಕಂಡೆನ್ಸರ್ ಒಂದೇ ಅಲ್ಲ, ಅದರ ಮುಂದಿರುವ ರೋಧವೂ ಹೌದು. ನಾನು ಕಂಡೆನ್ಸರನ್ನು ಆರಿಸಿದ್ದು 47 ಸಾವಿರ ಓಮ್‌ಗೆ. ಆ ರೆಕಾರ್ಡರಿಗೆ ಧ್ವನಿ ಒಳಹೋಗುವಲ್ಲಿ ಇದ್ದದ್ದು 10 ಸಾವಿರ ಓಮ್, ಅದರ ಕೈಪಿಡಿಯಲ್ಲಿ ಬರೆದಿತ್ತು, ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. 103ರಲ್ಲಿ ಇರಬೇಕಾದ ಅಂಚು 482 ಹರ್ಟ್ಸ್‌ಗೆ ಏರಿ ಕೂತಿತ್ತು. 50 ಹರ್ಟ್ಸ್‌ನ ಗುಂಯ್ ಹತ್ತನೆಯ ಒಂದು ಭಾಗಕ್ಕೆ ಇಳಿಯಿತು, ಅದಕ್ಕೇ ಮಾಯವಾದಂತೆ ಕಂಡಿತು. ಮದ್ದಳೆಯ ಎಡಭಾಗದ ದಪ್ಪ ನಾದ 120 ಹರ್ಟ್ಸ್ ಆಸುಪಾಸಿನಲ್ಲಿತ್ತು ಎಂದಿಟ್ಟುಕೊಂಡರೆ ಅದು ಕಾಲು ಭಾಗಕ್ಕೆ ಇಳಿಯಿತು. ತಂತಿಗೆ ಗುಂಯ್ ಯಾವುದು, ಮದ್ದಳೆ ಯಾವುದು ಎಂಬ ವಿವೇಕ ಇಲ್ಲ. ಅದು ನೋಡುವುದು ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು ಮಾತ್ರ.

ಹಾಗಾದರೆ ಉಳಿದವರಿಗೆ ಏಕೆ ತಿಳಿಯಲಿಲ್ಲ? ಗಂಡಸರ ಮಾತಿನ ಮೂಲನಾದವೂ 100ರಿಂದ 150 ಹರ್ಟ್ಸ್‌ನಲ್ಲೇ ಇರುತ್ತದೆ, ಅದೂ ಇಳಿದಿರಬೇಕಲ್ಲ? ಇಳಿದಿತ್ತು. ಆದರೆ ಮೂಲನಾದದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಉಪನಾದಗಳು ಉಳಿದಿದ್ದರೆ ನಮ್ಮ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ದೂರವಾಣಿ ಒಯ್ಯುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಆದರೂ ಅಪ್ಪನ ದನಿ ಅಪ್ಪನದೇ ಎಂದು ಗೊತ್ತಾಗುತ್ತಿತ್ತು. ಮಾತಿಗೆ ನಡೆಯುವ ಈ ಉಪಾಯ ಮದ್ದಳೆಯ ಎಡಗೈಗೆ ಸಾಲದು. ಅದರ ಗುಣವೇ ಆ ದಪ್ಪ ನಾದದಲ್ಲಿ, ಅದು ಕೊಂಚ ಏರಿ ಇಳಿಯುವುದರಲ್ಲಿ ಇದೆ. ಅದನ್ನು ಎಪ್ಪತ್ತು ವರ್ಷದ ಕಿವಿ ಹಿಡಿಯಿತು, ವಿಜ್ಞಾನ ಓದುವ ಹದಿನೇಳರ ಕಿವಿ ಬಿಟ್ಟಿತು.

ಕಂಡೆನ್ಸರನ್ನು ನಾನು ಹಳಿಯುತ್ತಿದ್ದೇನೆ ಎಂದು ತಿಳಿಯಬೇಡಿ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ಜಾತ್ರೆಗೆ ತುಂಗೆಯ ದಡದಲ್ಲಿ ಕಟ್ಟುವ ಮೈಕುಗಳನ್ನು ನೋಡಿದ್ದೀರಿ. ಆ ಕಹಳೆಯಾಕಾರದ ಹಾರನ್‌ನ ಹಿಂದೆ ಒಂದು ಯೂನಿಟ್ ಇರುತ್ತದೆ, ಅದರೊಳಗೆ ತೆಳುವಾದ ಒಂದು ಪೊರೆ. ದಪ್ಪ ನಾದವನ್ನು ಹೊರಡಿಸುವ ಶಕ್ತಿ ಆ ಪೊರೆಗಿಲ್ಲ, ಕೊಟ್ಟರೆ ಅತಿಯಾಗಿ ಅಲುಗಿ ಹರಿಯುತ್ತದೆ. ಅನುಭವಸ್ಥರು 16 ಓಮ್ ಯೂನಿಟ್ಟಿಗೆ ಸಾಲಿನಲ್ಲಿ 33 ಮೈಕ್ರೊಫ್ಯಾರಡ್ ಹಾಕುತ್ತಾರೆ. ಲೆಕ್ಕ ಮಾಡಿ ನೋಡಿ, ಅಂಚು 300 ಹರ್ಟ್ಸ್ ಬರುತ್ತದೆ. ಮನೆಯ ಸ್ಪೀಕರ್ ಪೆಟ್ಟಿಗೆಯ ಚಿಕ್ಕ ಟ್ವೀಟರಿಗೂ ಇದೇ ರಕ್ಷೆ. 8 ಓಮ್‌ಗೆ 4.7 ಮೈಕ್ರೊಫ್ಯಾರಡ್ ಎಂದರೆ ಅಂಚು 4200 ಹರ್ಟ್ಸ್ ದಾಟುತ್ತದೆ. ಇಲ್ಲಿ ಧನ ಋಣ ಭೇದವಿಲ್ಲದ ಕಂಡೆನ್ಸರೇ ಆಗಬೇಕು. ಇಲ್ಲೆಲ್ಲ ಕಂಡೆನ್ಸರ್ ಇರುವುದು ಕೇಳಿಸುವ ಕಡೆ. ತಪ್ಪಾದರೆ ಬಿಚ್ಚಿ ಬೇರೆಯದು ಹಾಕಬಹುದು, ಮೂಲ ಧ್ವನಿಗೆ ಏನೂ ಆಗಿರುವುದಿಲ್ಲ. ನಾನು ಹಾಕಿದ್ದು ಮುದ್ರಿಸುವ ಕಡೆ.

ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಈ ಪ್ರಯೋಗವನ್ನು ಪೆಟ್ಟಿಗೆಯ ಹೊರಗಿನ ಧ್ವನಿ ತಂತಿಯಲ್ಲಿ ಮಾತ್ರ ಮಾಡಿ. ಆಂಪ್ಲಿಫೈಯರಿನ ಒಳಗೆ, ಪಂಪ್‌ಸೆಟ್ಟಿನಲ್ಲಿ, ಹಳೆಯ ಟಿ.ವಿ.ಯಲ್ಲಿ ಇರುವ ದೊಡ್ಡ ಕಂಡೆನ್ಸರ್‌ಗಳು ಪ್ಲಗ್ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. 1745-46ರಲ್ಲಿ ಯೂರೋಪಿನಲ್ಲಿ ಮೊದಲ ಕಂಡೆನ್ಸರ್, ಆ ಲೈಡನ್ ಜಾಡಿ, ಅದನ್ನು ಮಾಡಿದವರಿಗೇ ಮೈ ನಡುಗುವಂತೆ ಹೊಡೆದಿತ್ತು.

ಅಜ್ಜ 2005ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ನಾನು ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಬಂದಿದ್ದೆ. 2019ರಲ್ಲಿ ತೀರ್ಥಹಳ್ಳಿಯಿಂದ ಅವರ ಮೊಮ್ಮಗಳು ಫೋನ್ ಮಾಡಿದಳು. ಕಾಲೇಜು ಓದುತ್ತ ಮದ್ದಳೆ ಕಲಿಯುತ್ತಿದ್ದಳು. ಅಜ್ಜನ ಮದ್ದಳೆ ಕೇಳಲು ಮನೆಯಲ್ಲಿ ಏನೂ ಇಲ್ಲ, ನಿಮ್ಮ ಹತ್ತಿರ ಒಂದು ಕ್ಯಾಸೆಟ್ ಇದೆಯಂತೆ ಎಂದಳು. ಇತ್ತು. ಬೇರೆ ಯಾರ ಹತ್ತಿರವೂ ಇರಲಿಲ್ಲ.

ಕ್ಯಾಸೆಟ್ಟನ್ನು ಡಿಜಿಟಲ್ ಪ್ರತಿಗೆ ಇಳಿಸಿದೆ. ನನ್ನ ಕಂಡೆನ್ಸರ್ ಇಳಿಸಿದ್ದನ್ನು ಕಂಪ್ಯೂಟರಿನಲ್ಲಿ ಅದೇ ಇಳಿಜಾರಿನಲ್ಲಿ ಮೇಲೆತ್ತಬಹುದು. ಕಾಲು ಭಾಗವಾದದ್ದನ್ನು ನಾಲ್ಕರಿಂದ ಗುಣಿಸುವುದು, ಹತ್ತನೆಯ ಒಂದಾದದ್ದನ್ನು ಹತ್ತರಿಂದ. ಹಾಗೆ ಮಾಡಿದೆ. ಅಜ್ಜನ ಎಡಗೈ ಮೆಲ್ಲನೆ ಮೇಲೆ ಬಂತು. ಅದರ ಜೊತೆಗೇ, ನಾನು ಇಪ್ಪತ್ತೊಂದು ವರ್ಷದ ಹಿಂದೆ ಓಡಿಸಿದ್ದೆನೆಂದುಕೊಂಡಿದ್ದ ಗುಂಯ್ ಕೂಡ ಹತ್ತು ಪಟ್ಟಾಗಿ ಎದ್ದು ನಿಂತಿತು. ಟೇಪಿನ ಸ್ವಂತ ಗೊರಗೊರವೂ ಸೇರಿತು.

ಈಗ ಗುಂಯ್ ಒಂದನ್ನೇ ಹೆಕ್ಕಿ ತೆಗೆಯುವ ಸಾಧನಗಳಿವೆ. 50 ಹರ್ಟ್ಸ್‌ಗೆ ಒಂದು ಕಿರಿದಾದ ಕತ್ತರಿ ಇಟ್ಟೆ. ತಪ್ಪಿತು. ಟೇಪಿನಲ್ಲಿ ಗುಂಯ್ 49ಕ್ಕೂ ಸ್ವಲ್ಪ ಕೆಳಗೆ ಇತ್ತು, ಅದೂ ಒಂದೆಡೆ ನಿಂತಿರಲಿಲ್ಲ. ಕ್ಯಾಸೆಟ್ಟಿನ ವೇಗ ಒಂದೇ ಸಮ ಇಲ್ಲದಿರುವುದು ಒಂದು ಕಾರಣ. ಇನ್ನೊಂದು ಕಾರಣ ವಿದ್ಯುಜ್ಜಾಲದ್ದೇ. ದಕ್ಷಿಣದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದೇ ಲಯದಲ್ಲಿ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು-ಸೊಲ್ಲಾಪುರ ಮಾರ್ಗದಿಂದ. ತೊಂಬತ್ತರ ದಶಕದಲ್ಲಿ ಅದು ತನ್ನಷ್ಟಕ್ಕೆ ತಾನಿತ್ತು. ಬೇಡಿಕೆ ಹೆಚ್ಚಾದಾಗ ಯಂತ್ರಗಳು ಬಳಲಿ ಆವೃತ್ತಿ 50ರಿಂದ ಕೆಳಗೆ ಜಾರುತ್ತಿತ್ತು. ಆ ರಾತ್ರಿ ದಕ್ಷಿಣದ ಜಾಲ ಹೇಗೆ ಏದುಸಿರು ಬಿಟ್ಟಿತು ಎಂಬುದೂ ಕೃಷ್ಣಸಂಧಾನದ ಜೊತೆ ಮುದ್ರಣವಾಗಿ ಕೂತಿರಬೇಕು. ಗುಂಯ್‌ಕಾರದ ಹಿಂದೆಯೇ ಜಾಡು ಹಿಡಿದು ಹೋಗಿ ಅದನ್ನೂ ಅದರ ಎರಡು ಪಟ್ಟು ಮೂರು ಪಟ್ಟಿನವುಗಳನ್ನೂ ತೆಗೆಯಲು ನಾಲ್ಕು ರಾತ್ರಿ ಹಿಡಿಯಿತು.

ಎರಡು ಪ್ರತಿ ಮಾಡಿ ತೀರ್ಥಹಳ್ಳಿಗೆ ಹೋದೆ. ಒಂದು, ಮೇಲೆತ್ತಿದ್ದು ಮಾತ್ರ, ಗುಂಯ್ ಸಹಿತ. ಇನ್ನೊಂದು, ಗುಂಯ್ ತೆಗೆದದ್ದು. ಹುಡುಗಿ ಮದ್ದಳೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಹೆಡ್‌ಫೋನ್ ಹಾಕಿಕೊಂಡಳು. ಎರಡನ್ನೂ ಕೇಳಿದಳು, ಎಡಗೈಯಿಂದ ಮೆಲ್ಲನೆ ಬಾರಿಸಿ ನೋಡಿದಳು. ಆಮೇಲೆ, "ಗುಂಯ್ ಇರೋದನ್ನೇ ಕೊಡಿ ಸಾರ್. ತೆಗೆದದ್ದರಲ್ಲಿ ಕೆಲವು ಪೆಟ್ಟಿನ ಬಾಲ ಹೋಗಿಬಿಟ್ಟಿದೆ" ಎಂದಳು.

ಅವಳು ಹೇಳಿದ ಜಾಗವನ್ನು ನಾನು ಮತ್ತೆ ಕೇಳಿದೆ. ಒಂದು ಪೆಟ್ಟಿನ ನಾದ 100 ಹರ್ಟ್ಸ್ ಹತ್ತಿರ ಇಳಿಯುವಲ್ಲಿ ನನ್ನ ಕತ್ತರಿ ಅದನ್ನೂ ಕತ್ತರಿಸಿತ್ತು. ಎರಡು ಪ್ರತಿಯನ್ನೂ ಅಲ್ಲೇ ಬಿಟ್ಟು, ಯಾವುದರಲ್ಲಿ ಏನನ್ನು ಎಷ್ಟು ಹರ್ಟ್ಸ್‌ನಲ್ಲಿ ತೆಗೆದಿದೆ, ಏನನ್ನು ಎತ್ತಿದೆ ಎಂದು ಚೀಟಿ ಬರೆದು ಅಂಟಿಸಿ ಬಂದೆ. ಕ್ಯಾಸೆಟ್ಟಿನ ಡಬ್ಬಿಯ ಮೇಲೂ ಒಂದು ಸಾಲು ಸೇರಿಸಿದೆ: 333, 10 ಸಾವಿರ ಓಮ್, 482 ಹರ್ಟ್ಸ್.